ರೋಟರಿ ಎಂಜಿನ್ನಿಗೆ ಓವರ್‌ಸೈಜ್ ಇಲ್ಲ: ಸವೆದ ಭಾಗಗಳಲ್ಲಿ ಯಾವುದನ್ನು ಉಳಿಸಬಹುದು, ಹೇಗೆ?

ಮಂಗಳೂರು ಬಂದರಿನ ಹತ್ತಿರ ಬೋಟಿನ ಎಂಜಿನ್ನುಗಳಿಗೆ ಬೋರಿಂಗ್ ಮಾಡುವ ಹಿರಿಯರೊಬ್ಬರಿದ್ದಾರೆ. ಒಂದು ದಿನ ರೋಟರಿ ಎಂಜಿನ್ನಿನ ಹೊರಗೋಡೆಯಾದ ರೋಟರ್ ಹೌಸಿಂಗ್ ಒಂದನ್ನು ಗೋಣಿಯಲ್ಲಿ ಸುತ್ತಿಕೊಂಡು ಅವರ ಶೆಡ್ಡಿಗೆ ಹೋದೆ. ಅವರು ತಿರುಗಿಸಿ ತಿರುಗಿಸಿ ನೋಡಿದರು. ಒಳಗೆ ಬೆರಳಾಡಿಸಿದರು. "ಇದೆಂತ ಮಾರಾಯ್ರೆ, ಎಂಟರ ಹಾಗೆ ಉಂಟಲ್ಲ! ಓವರ್‌ಸೈಜ್ ಎಷ್ಟು ಹಾಕ್ಬೇಕು?" ಅಂತ ಕೇಳಿದರು.

ಓವರ್‌ಸೈಜ್ ಇಲ್ಲ ಅಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಪಿಸ್ಟನ್ ಎಂಜಿನ್ನಿನಲ್ಲಿ ಸಿಲಿಂಡರ್ ಸವೆದರೆ ಬೋರ್ ಹೊಡೆಸಿ, ದೊಡ್ಡ ಪಿಸ್ಟನ್ ಹಾಕಿ ಮುಗಿಸುತ್ತೇವೆ. ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುವ ರೋಟರಿಯಲ್ಲಿ ಆ ದಾರಿ ಮುಚ್ಚಿದೆ. ಒಳಗಿನ ಆ ಎಂಟರ ಆಕಾರ ರೋಟರಿನ ಅಳತೆಗೆ ಕಟ್ಟುಬಿದ್ದಿದೆ. ಅದನ್ನು ದೊಡ್ಡದು ಮಾಡಿದರೆ ರೋಟರಿನ ಮೂರು ತುದಿಗಳೂ ಗೋಡೆ ಬಿಟ್ಟು ನಿಲ್ಲುತ್ತವೆ. ಹಾಗಾಗಿ ಇಲ್ಲಿ ರಿಪೇರಿ ಅಂದರೆ ಮುಕ್ಕಾಲು ಪಾಲು ಅಳತೆ ತೆಗೆಯುವ ಕೆಲಸ. ಅಳತೆ ಸರಿ ಇದ್ದದ್ದು ಉಳಿಯುತ್ತದೆ. ಇಲ್ಲದ್ದು ಗುಜರಿಗೆ.

ನನ್ನ ಕೈಗೆ ಬಂದದ್ದು ಮಾಜ್ದಾದ 13ಬಿ, ಎರಡನೇ ತಲೆಮಾರಿನ ಆರ್‌ಎಕ್ಸ್-7 ಕಾರಿನದ್ದು. ಶಾರ್ಜಾದಲ್ಲಿದ್ದ ಭಾವ ಊರಿಗೆ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ತಂದ ಎಂಜಿನ್. ಕಾರಿಲ್ಲ, ಎಂಜಿನ್ ಮಾತ್ರ. ಸ್ಟ್ಯಾಂಡಿನ ಮೇಲೆ ಕೂರಿಸಿ ಓಡಿಸುವುದು ನಮ್ಮ ಆಸೆ. ಎಲ್ಲವನ್ನೂ ಹೊಸದಾಗಿ ತರಿಸೋಣ ಅಂತ ಮೊದಲು ಲೆಕ್ಕ ಹಾಕಿದೆವು. ಭಾಗದ ಬೆಲೆ, ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿಸಿದ ಮೇಲೆ ಭಾವ ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಸುಮ್ಮನಾದರು. ಇಲ್ಲಿ ಕೊಟ್ಟಿರುವ ಅಳತೆಗಳೆಲ್ಲ ಈ 13ಬಿಗೆ ಸೇರಿದವು. ನಿಮ್ಮದು ಆರ್‌ಎಕ್ಸ್-8ರ ಎಂಜಿನ್ ಆಗಿದ್ದರೆ ಅಥವಾ ಹಳೆಯ 12ಎ ಆಗಿದ್ದರೆ ಅದರ ಸರ್ವಿಸ್ ಮ್ಯಾನುವಲ್ ನೋಡಿ.

ಒಳಗೆ ಏನೇನಿದೆ

ಎಂಜಿನ್ ಒಂದು ಸ್ಯಾಂಡ್‌ವಿಚ್ ಇದ್ದ ಹಾಗೆ. ಎರಡು ಅಲ್ಯೂಮಿನಿಯಂ ಹೌಸಿಂಗ್‌ಗಳು, ಅವುಗಳ ಮುಂದೆ, ನಡುವೆ ಮತ್ತು ಹಿಂದೆ ಒಟ್ಟು ಮೂರು ಬೀಡಿನ ಪ್ಲೇಟ್‌ಗಳು. ಇಷ್ಟನ್ನೂ ಉದ್ದನೆಯ ಬೋಲ್ಟ್‌ಗಳು ಹಿಡಿದಿಟ್ಟಿರುತ್ತವೆ. ಒಂದೊಂದು ಹೌಸಿಂಗ್‌ನೊಳಗೆ ಮೂರು ಮೂಲೆಯ ಒಂದೊಂದು ರೋಟರ್. ಒಂದೊಂದರ ಲೆಕ್ಕ 654 ಸಿಸಿ. ಎರಡನ್ನೂ ಹೊತ್ತು ತಿರುಗುವುದು ನಡುವಿನ ಎಕ್ಸೆಂಟ್ರಿಕ್ ಶಾಫ್ಟ್. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ಮುಗಿಸುತ್ತದೆ. ವಾಲ್ವ್, ಕ್ಯಾಮ್, ಕನೆಕ್ಟಿಂಗ್ ರಾಡ್ ಯಾವುದೂ ಇಲ್ಲ. ಪಿಸ್ಟನ್ ರಿಂಗಿನ ಕೆಲಸವನ್ನು ಇಲ್ಲಿ ಸಣ್ಣ ಸಣ್ಣ ಸೀಲ್‌ಗಳು ಮಾಡುತ್ತವೆ. ಒಂದು ರೋಟರಿಗೆ ಮೂಲೆಗಳ ತುದಿಯಲ್ಲಿ 3 ಅಪೆಕ್ಸ್ ಸೀಲ್, ಅವುಗಳ ಎರಡೂ ಕೊನೆಗಳಲ್ಲಿ ದುಂಡನೆಯ 6 ಕಾರ್ನರ್ ಸೀಲ್, ರೋಟರಿನ ಎರಡೂ ಬದಿಗಳಲ್ಲಿ 6 ಸೈಡ್ ಸೀಲ್.

ಬಿಚ್ಚುವ ಮೊದಲು

ಸ್ಟಾರ್ಟರ್ ಕೂರಿಸಲು ಆಗುವ ಹಾಗಿದ್ದರೆ ಮೊದಲು ಕಂಪ್ರೆಷನ್ ನೋಡಿ. ಮಾಮೂಲಿ ಗೇಜ್ ಮೋಸ ಮಾಡುತ್ತದೆ. ಒಂದು ರೋಟರಿಗೆ ಮೂರು ಮುಖ, ಮೂರು ಚೇಂಬರ್. ಗೇಜ್ ತೋರಿಸುವುದು ಮೂರರಲ್ಲಿ ಅತಿ ಒಳ್ಳೆಯದನ್ನು ಮಾತ್ರ. ಹಾಗಾಗಿ ಗೇಜಿನ ಒಳಗಿರುವ ವಾಲ್ವ್ ಪಿನ್ ತೆಗೆದು ಇನ್ನೊಮ್ಮೆ ಕ್ರ್ಯಾಂಕ್ ಮಾಡಿ. ಆಗ ಮುಳ್ಳು ಮೂರು ಸಲ ಜಿಗಿಯುತ್ತದೆ. ಮೂರೂ ಜಿಗಿತ ಒಂದೇ ಎತ್ತರಕ್ಕೆ ಇರಬೇಕು. ಪಿನ್ ಇದ್ದಾಗ, ಸುಮಾರು 250 ಆರ್‌ಪಿಎಂನಲ್ಲಿ, ಚದರ ಸೆಂಟಿಮೀಟರಿಗೆ 6 ಕೆಜಿಗಿಂತ ಕಡಿಮೆ ಬಂದರೆ ಎಂಜಿನ್ ಬಿಚ್ಚಲೇಬೇಕು. ಒಂದು ಜಿಗಿತ ಮಾತ್ರ ಕುಂಟುತ್ತಿದ್ದರೆ ಆ ಮುಖದ ಸೀಲ್ ಮುರಿದಿರಬಹುದು, ಇಲ್ಲವೇ ಕರಿಯಲ್ಲಿ ಸಿಕ್ಕಿಕೊಂಡಿರಬಹುದು. ನಮ್ಮದರಲ್ಲಿ ಹಿಂದಿನ ರೋಟರ್ ಎರಡು ಸಲ ಜಿಗಿದು ಮೂರನೆಯದಕ್ಕೆ ಸುಮ್ಮನೆ ಮಲಗಿಬಿಡುತ್ತಿತ್ತು.

ಬಿಚ್ಚುವುದು

ಮೊದಲ ಕಷ್ಟ ಫ್ಲೈವೀಲಿನ ನಟ್. ಅದು 54 ಎಂಎಂ, 40ರಿಂದ 50 ಕೆಜಿ-ಮೀಟರ್ ಬಿಗಿ ಇರುತ್ತದೆ. ಕಾರಿನ ಗ್ಯಾರೇಜುಗಳಲ್ಲಿ ಅಷ್ಟು ದೊಡ್ಡ ಸಾಕೆಟ್ ಸಿಗುವುದು ಕಡಿಮೆ. ಬೋಟಿನ ಕೆಲಸ ಮಾಡುವವರಲ್ಲಿ ಕೇಳಿ. ನಮಗೆ ಬಂದರಿನಲ್ಲೇ ಸಿಕ್ಕಿತು, ಜೊತೆಗೆ ಐದು ಅಡಿ ಪೈಪು ಮತ್ತು ಪೈಪಿಗೆ ಜೋತುಬೀಳಲು ಇಬ್ಬರು.

ಉದ್ದನೆಯ ಬೋಲ್ಟ್‌ಗಳನ್ನು ಒಂದೇ ಸಲ ಪೂರ್ತಿ ತೆಗೆಯಬೇಡಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಬನ್ನಿ. ಪ್ಲೇಟ್ ಎತ್ತುವಾಗ ಅದರ ಅಡಿಗೆ ಅಂಟಿಕೊಂಡು ಸೀಲ್‌ಗಳೂ ಬರುತ್ತವೆ, ಕೆಳಗೆ ಬೀಳುತ್ತವೆ. ಒಂದು ಕೈ ಕೆಳಗಿರಲಿ.

ಸೀಲ್ ಇಡಲು ಮೊಟ್ಟೆಯ ಟ್ರೇಗಿಂತ ಒಳ್ಳೆಯದಿಲ್ಲ. ಟ್ರೇಯಲ್ಲಿ 30 ಗುಳಿ, ಎರಡು ರೋಟರಿನ ಸೀಲ್‌ಗಳೂ ಸರಿಯಾಗಿ 30! ಕಾರ್ನರ್ ಸೀಲ್ ಸ್ಪ್ರಿಂಗ್ ಸಮೇತ ಗುಳಿಯೊಳಗೆ ಕೂರುತ್ತದೆ. ಉದ್ದದವನ್ನು ಅದರದ್ದೇ ಗುಳಿಯ ಮೇಲೆ ಅಡ್ಡ ಇಟ್ಟು ಟೇಪ್ ಹಚ್ಚಿ. ಯಾವ ಸೀಲ್ ಯಾವ ಮುಖದ ಯಾವ ಮೂಲೆಯದ್ದು ಅಂತ ಪೆನ್ನಿನಲ್ಲಿ ಬರೆಯಿರಿ. ನೆನಪಿರುತ್ತದೆ ಅಂದುಕೊಳ್ಳಬೇಡಿ, ಇರುವುದಿಲ್ಲ.

ತೊಳೆಯುವುದು, ಮತ್ತು ನಮ್ಮೂರಿನ ಮಳೆ

ಚಿಮಿಣಿ ಎಣ್ಣೆ, ನೈಲಾನ್ ಬ್ರಷ್, ತಾಳ್ಮೆ. ತಂತಿ ಬ್ರಷ್ಷನ್ನು ಹೌಸಿಂಗಿನ ಒಳಮೈ ಹತ್ತಿರ ತರಲೇಬೇಡಿ. ಅಲ್ಯೂಮಿನಿಯಂ ಭಾಗಗಳನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ಮುಳುಗಿಸಬೇಡಿ, ಲೋಹವನ್ನೇ ತಿಂದುಹಾಕುತ್ತದೆ.

ರೋಟರಿನ ಸೀಲ್ ಗಾಡಿಗಳಲ್ಲಿ, ಅಂದರೆ ಸೀಲ್ ಕೂರಲು ಕೊರೆದ ಸೀಳುಗಳಲ್ಲಿ, ಕರಿಯು ಕಲ್ಲಿನ ಹಾಗೆ ಕಟ್ಟಿರುತ್ತದೆ. ಅದಕ್ಕೆ ಹೊರಗಿನ ಉಪಕರಣ ಬೇಡ. ಮುರಿದ ಹಳೆಯ ಅಪೆಕ್ಸ್ ಸೀಲಿನ ತುಂಡನ್ನೇ ಹಿಡಿದು ಕೆರೆಯಿರಿ, ಅಗಲ ಸರಿಯಾಗಿ ಹೊಂದುತ್ತದೆ. ಸೈಡ್ ಸೀಲಿನ ಗಾಡಿಗೆ ಹಳೆಯ ಸೈಡ್ ಸೀಲ್. ಸ್ಕ್ರೂ ಡ್ರೈವರ್ ಹಾಕಿ ಕೆದಕಿದರೆ ಗಾಡಿಯ ಅಂಚು ಏಳುತ್ತದೆ, ಮತ್ತೆ ಹೊಸ ಸೀಲ್ ಕೂಡ ಅಲ್ಲಿ ಓಡಾಡುವುದಿಲ್ಲ.

ಇನ್ನೊಂದು ಮಾತು, ಇದು ಕರಾವಳಿಯವರಿಗೆ ಮಾತ್ರ. ಬೀಡಿನ ಪ್ಲೇಟನ್ನು ತೊಳೆದು ಒಣಗಿಸಿದ ಮರುಕ್ಷಣ ಎಣ್ಣೆ ಹಚ್ಚಿ. ನಾನು ಜುಲೈ ತಿಂಗಳಲ್ಲಿ ಮೂರು ಪ್ಲೇಟ್‌ಗಳನ್ನು ತೊಳೆದು, ಫಳಫಳ ಹೊಳೆಯುತ್ತಿದೆ ಅಂತ ಖುಷಿಪಟ್ಟು, ಜಗಲಿಯಲ್ಲಿಟ್ಟು ಊಟಕ್ಕೆ ಹೋದೆ. ಹೊರಗೆ ಜೋರು ಮಳೆ. ಬೆಳಿಗ್ಗೆ ಎದ್ದು ನೋಡಿದರೆ ಮೂರರ ಮೇಲೂ ಅರಸಿನ ಚಿಮುಕಿಸಿದ ಹಾಗೆ ತುಕ್ಕು. ಈಗ ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಸುತ್ತಿ, ಹಳೆಯ ಕಪಾಟಿನಲ್ಲಿ ಒಂದು ಝೀರೋ ಬಲ್ಬ್ ಉರಿಸಿ ಇಡುತ್ತೇನೆ. ಮುಂದಿನ ಅಳತೆಗಳನ್ನೆಲ್ಲ ಮಾಡುವ ಮೊದಲು ಮಾತ್ರ ಆ ಎಣ್ಣೆಯನ್ನು ಪೂರ್ತಿ ಒರೆಸಬೇಕು.

ಬೀಡಿನ ಪ್ಲೇಟ್‌ಗಳು: ನಿಜವಾದ ಉಳಿತಾಯ ಇಲ್ಲಿ

ಮೂರು ನೋಟ ನೋಡಬೇಕು.

ಮೊದಲನೆಯದು ಬಾಗು. ನೇರ ಪಟ್ಟಿಯನ್ನು ಅಡ್ಡ, ಉದ್ದ, ಓರೆಯಾಗಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ. 0.04 ಎಂಎಂಗಿಂತ ದಪ್ಪದ ಎಲೆ ನುಗ್ಗಬಾರದು.

ಎರಡನೆಯದು ಸೈಡ್ ಸೀಲ್ ಕೊರೆದ ಮೆಟ್ಟಿಲು. ಪ್ಲೇಟಿನ ಮೇಲೆ ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದರೆ ಬಾಗಿದ ಗೆರೆಗಳು ಕಾಣುತ್ತವೆ. ಸ್ಪಾರ್ಕ್ ಪ್ಲಗ್ಗಿನ ಕಡೆ ಆಳ ಜಾಸ್ತಿ. ಡಯಲ್ ಗೇಜನ್ನು ಗೆರೆಯ ಅಡ್ಡಕ್ಕೆ ಓಡಿಸಿ ಆಳ ಓದಿ. 0.10 ಎಂಎಂ ಮಿತಿ. ಬಂದರಿನವರ ಲೆಕ್ಕದಲ್ಲಿ ನಾಲ್ಕು ಥೌ, ಅಂದರೆ ಇಂಚಿನ ಸಾವಿರದಲ್ಲಿ ನಾಲ್ಕು ಪಾಲು.

ಮೂರನೆಯದು ನೀರಿನ ರಬ್ಬರ್ (ಕೂಲೆಂಟ್ ಸೋರದಂತೆ ತಡೆಯುವ ಉಂಗುರ) ಕೂರುವ ಗಾಡಿ. 1986ರಿಂದ ಈಚೆಗಿನ ಎಂಜಿನ್‌ಗಳಲ್ಲಿ ಇದು ಪ್ಲೇಟಿನಲ್ಲೇ ಇದೆ. ಗಾಡಿಯ ಒಳ ಅಂಚು ತೆಳು. ಕೂಲೆಂಟ್ ಬದಲು ಬರೀ ನಲ್ಲಿ ನೀರು ಹಾಕಿ ಓಡಿಸಿದ ಎಂಜಿನ್ನಿನಲ್ಲಿ ಆ ಅಂಚನ್ನು ತುಕ್ಕು ತಿಂದಿರುತ್ತದೆ. ಅಂಚು ಬಿರುಕು ಬಿಟ್ಟಿದ್ದರೆ ಅಥವಾ ತುಂಡಾಗಿದ್ದರೆ ಆ ಪ್ಲೇಟನ್ನು ಬಿಡಿ. ಎಪಾಕ್ಸಿ ತುಂಬಿ ಓಡಿಸುವವರಿದ್ದಾರೆ. ನಾನಂತೂ ಅದರ ಮೇಲೆ ಹೊಸ ಸೀಲ್‌ಗಳ ದುಡ್ಡನ್ನು ಪಣಕ್ಕಿಡುವುದಿಲ್ಲ.

ಮಿತಿಯೊಳಗಿದ್ದರೆ ಪ್ಲೇಟನ್ನು ಮುಟ್ಟಬೇಡಿ. ನಮ್ಮ ನಡುವಿನ ಪ್ಲೇಟಿನಲ್ಲಿ ಮೆಟ್ಟಿಲು 0.07 ಇತ್ತು. ಒಮ್ಮೆ ಸಪಾಟು ಮಾಡಿಬಿಡೋಣ ಅಂತ ಕೈ ತುರಿಸುತ್ತಿತ್ತು. ಆದರೆ ಈ ಪ್ಲೇಟ್‌ಗಳ ಮೈಮೇಲೆ ನೈಟ್ರೈಡಿಂಗ್ ಮಾಡಿದ ಗಟ್ಟಿ ಪದರ ಇರುತ್ತದೆ. ಅದು ತೆಳು. ಉಜ್ಜಿದಷ್ಟೂ ಹೋಗುತ್ತದೆ, ಅಡಿಯ ಮೆತ್ತಗಿನ ಬೀಡು ಮೇಲೆ ಬರುತ್ತದೆ. 0.07 ಹಾಗೆಯೇ ಇಟ್ಟುಕೊಂಡೆವು.

ಮಿತಿ ದಾಟಿದ್ದರೆ ಲ್ಯಾಪಿಂಗ್, ಅಂದರೆ ಪೇಸ್ಟ್ ಹಾಕಿ ಸಪಾಟು ಮೈಯ ಮೇಲೆ ಉಜ್ಜುವುದು. ಮೊದಲು ಪ್ಲೇಟಿಗೆ ಕೂರಿಸಿದ ಸ್ಟೇಷನರಿ ಗೇರನ್ನು ಮತ್ತು ಡೋವೆಲ್‌ಗಳನ್ನು (ಜಾಗ ಹಿಡಿದಿಡುವ ಪಿನ್‌ಗಳು) ತೆಗೆಯಿರಿ, ಅವು ಮೈಗಿಂತ ಮೇಲೆ ನಿಂತಿರುತ್ತವೆ. ನಂತರ ಸರ್ಫೇಸ್ ಪ್ಲೇಟ್ ಬೇಕು. ಕಾರ್ಕಳದಿಂದ ಅಡುಗೆಮನೆ ಕಟ್ಟೆಗೆ ತಂದ ಗ್ರಾನೈಟ್ ತುಂಡು ಉಳಿದಿದೆ, ಅದರ ಮೇಲೆ ಉಜ್ಜೋಣ್ವಾ ಅಂತ ಭಾವ ಕೇಳಿದ್ದರು. ಕಲ್ಲು ಒಳ್ಳೆಯದೇ. ಆದರೆ ಹೊಳಪಿದ್ದ ಮಾತ್ರಕ್ಕೆ ಸಪಾಟು ಇರುವುದಿಲ್ಲ. ಅಳತೆ ಹಿಡಿದು ಮಾಡಿದ ಸರ್ಫೇಸ್ ಪ್ಲೇಟೇ ಆಗಬೇಕು. ಮಂಗಳೂರಿನ ಕೈಗಾರಿಕಾ ಪ್ರದೇಶಗಳಾದ ಯೆಯ್ಯಾಡಿ, ಬೈಕಂಪಾಡಿ ಕಡೆಯ ಯಾವುದಾದರೂ ಟೂಲ್ ರೂಮಿನವರ ಸ್ನೇಹ ಮಾಡಿಕೊಳ್ಳಿ.

ಬೀಡಿನ ಪ್ಲೇಟಿನ ಮೈಗೆ ತೆಳುವಾಗಿ ಬ್ಲೂ (ಗುರುತಿಗೆ ಹಚ್ಚುವ ನೀಲಿ ಬಣ್ಣ) ಹಚ್ಚಿ. ಲ್ಯಾಪಿಂಗ್ ಪೇಸ್ಟ್ ಹಾಕಿ, ಎಂಟರ ಆಕಾರದಲ್ಲಿ, ಒತ್ತದೆ, ಅದರ ತೂಕದಲ್ಲೇ ಆಡಿಸಿ. ಹತ್ತಿಪ್ಪತ್ತು ಸುತ್ತಿಗೊಮ್ಮೆ ಪ್ಲೇಟನ್ನು ಕಾಲು ಸುತ್ತು ತಿರುಗಿಸಿ ಹಿಡಿಯಿರಿ, ಇಲ್ಲವಾದರೆ ನಿಮ್ಮ ಕೈಯ ವಾಲು ಪ್ಲೇಟಿಗೂ ಬರುತ್ತದೆ. ಬ್ಲೂ ಎಲ್ಲಿ ಉಳಿದಿದೆಯೋ ಅಲ್ಲಿ ಇನ್ನೂ ತಗ್ಗು ಇದೆ ಅಂತ ಅರ್ಥ. ಪ್ಲೇಟಿನ ಮೈ ತೆಗೆದಷ್ಟೂ ರಬ್ಬರ್ ಗಾಡಿಯ ಆಳ ಕಡಿಮೆಯಾಗುತ್ತದೆ. ಹಾಗಾಗಿ 0.10 ಎಂಎಂ ತೆಗೆದ ಮೇಲೂ ಸರಿಹೋಗದ ಪ್ಲೇಟನ್ನು ನಾನು ಮುಂದುವರಿಸುವುದಿಲ್ಲ. ಮುಂದಿನ ಮತ್ತು ಹಿಂದಿನ ಪ್ಲೇಟ್‌ಗಳಿಗೆ ಒಂದೇ ಮೈ, ನಡುವಿನದಕ್ಕೆ ಎರಡೂ ಮೈ.

ಇದನ್ನು ಮೆಷಿನ್ನಿನಲ್ಲೂ ಮಾಡಿಸಬಹುದು, ಆದರೆ ಎದುರಿಗೆ ನಿಂತು ಮಾಡಿಸಿ. ನಾನು ಒಂದು ಪ್ಲೇಟನ್ನು ಸರ್ಫೇಸ್ ಗ್ರೈಂಡಿಂಗಿಗೆ ಕೊಟ್ಟು ಮನೆಗೆ ಬಂದಿದ್ದೆ. ಸಿಲಿಂಡರ್ ಹೆಡ್ ಅಂದುಕೊಂಡು ಒಂದೇ ಹೊಡೆತಕ್ಕೆ 0.30 ಎಂಎಂ ಹೊಡೆದಿದ್ದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಈಗ ಅದು ಹಿತ್ತಿಲಲ್ಲಿ ನೀರಿನ ಡ್ರಮ್ಮಿನ ಅಡಿಗಿದೆ. ಎಷ್ಟು ತೆಗೆಯಬೇಕು ಅಂತ ಬರೆದು ಕೊಡದೇ ಬಂದದ್ದು ನನ್ನದೇ ತಪ್ಪು.

ಲ್ಯಾಪ್ ಮಾಡಿದ ಮೇಲೆ ಮತ್ತೆ ನೈಟ್ರೈಡಿಂಗ್ ಮಾಡಿಸಬೇಕಾ? ಎಂಜಿನ್ ಕಾರಿಗೆ ಹೋಗಿ ವರ್ಷಗಟ್ಟಲೆ ಓಡಬೇಕಾದರೆ ಮಾಡಿಸುವುದು ಒಳ್ಳೆಯದು. ಬೆಂಗಳೂರಿನ ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡುವವರಿದ್ದಾರೆ. ಬಿಸಿಗೆ ಪ್ಲೇಟ್ ತುಸು ಬಾಗಬಹುದು, ಬಂದ ಮೇಲೆ ಮತ್ತೆ ಅಳೆಯಬೇಕು. ನಮ್ಮದು ಸ್ಟ್ಯಾಂಡಿನ ಮೇಲೆ ಅಪರೂಪಕ್ಕೆ ಓಡುವ ಎಂಜಿನ್, ಹಾಗೇ ಬಿಟ್ಟೆವು.

ರೋಟರ್ ಹೌಸಿಂಗ್: ಕರುಣೆ ಬೇಡ

ಹೌಸಿಂಗ್ ಅಲ್ಯೂಮಿನಿಯಂ ಆದರೂ ಒಳಮೈಗೆ ಉಕ್ಕಿನ ಹಾಳೆ ಇದೆ, ಅದರ ಮೇಲೆ ಕ್ರೋಮ್. ಅಪೆಕ್ಸ್ ಸೀಲ್ ಓಡುವುದು ಈ ಕ್ರೋಮ್ ಮೇಲೆ. 1960ರ ದಶಕದಲ್ಲಿ ಮಾಜ್ದಾದ ಎಂಜಿನಿಯರ್‌ಗಳನ್ನು ಬಹಳ ಕಾಡಿದ್ದು ಇದೇ ಮೈ. ಸೀಲ್ ಅದುರಿ ಅದುರಿ ಗೋಡೆಯ ಮೇಲೆ ಸಾಲು ಸಾಲು ಗೀರು ಬೀಳುತ್ತಿತ್ತು. ಅದಕ್ಕೆ ಅವರು 'ದೆವ್ವದ ಉಗುರಿನ ಗುರುತು' ಅಂತ ಹೆಸರಿಟ್ಟಿದ್ದರು. ನಿಮ್ಮ ಹೌಸಿಂಗಿನಲ್ಲಿ ಉಗುರಿಗೆ ಸಿಗುವ ಅಂಥ ಏರಿಳಿತ ಇದ್ದರೆ ಅದು ಮುಗಿಯಿತು.

ಕ್ರೋಮ್ ಎದ್ದಿದೆಯಾ ನೋಡಿ. ಪ್ಲಗ್ ತೂತಿನ ಸುತ್ತ ಮತ್ತು ಎರಡೂ ಅಂಚುಗಳಲ್ಲಿ ಮೊದಲು ಏಳುತ್ತದೆ. ತೀರಾ ಅಂಚಿನಲ್ಲಿ ಕೂದಲೆಳೆಯಷ್ಟು ಎದ್ದಿದ್ದರೆ ನಾನು ಉಳಿಸಿಕೊಳ್ಳುತ್ತೇನೆ. ಸೀಲಿನ ದಾರಿಯ ನಡುವೆ ಎದ್ದಿದ್ದರೆ ಇಲ್ಲ. ಆಮೇಲೆ 75-100ರ ಮೈಕ್ರೋಮೀಟರ್ ಹಿಡಿದು ಹೌಸಿಂಗಿನ ಅಗಲವನ್ನು ಸುತ್ತ ನಾಲ್ಕು ಕಡೆ ಅಳೆಯಿರಿ. ಅದು 80 ಎಂಎಂ ಆಸುಪಾಸು ಇರುತ್ತದೆ. ನಾಲ್ಕರ ನಡುವೆ 0.06 ಎಂಎಂಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಬಿಸಿ ಹೆಚ್ಚಾಗಿ ಕುಗ್ಗಿದ ಹೌಸಿಂಗ್ ಈ ಅಳತೆಯಲ್ಲೇ ಸಿಕ್ಕಿಬೀಳುತ್ತದೆ.

ಮತ್ತೆ ಕ್ರೋಮ್ ಹಾಕಿಸಬಹುದಲ್ವಾ ಅಂತ ಕೇಳುತ್ತೀರಿ. ಬಂಪರಿಗೆ ಹಾಕುವ ಕ್ರೋಮ್ ಬೇರೆ, ಇದು ಬೇರೆ. ಗಟ್ಟಿ ಕ್ರೋಮ್ ಹಾಕಿದ ಮೇಲೆ ಆ ಎಂಟರ ಆಕಾರಕ್ಕೇ ಗ್ರೈಂಡ್ ಮಾಡುವ ಯಂತ್ರ ಬೇಕು. ನಮ್ಮ ಕಡೆ ಅದು ಆಗುವ ಕೆಲಸವಲ್ಲ. ಹೋದ ಹೌಸಿಂಗಿಗೆ ಬದಲು ಒಳ್ಳೆಯ ಹಳೆಯದನ್ನೇ ಹುಡುಕಿ.

ರೋಟರ್ ಮತ್ತು ಸೀಲ್‌ಗಳು

ರೋಟರ್ ಎರಕದ ಕಬ್ಬಿಣ, ಸುಲಭಕ್ಕೆ ಸಾಯುವುದಿಲ್ಲ. ಸವೆಯುವುದು ಅಪೆಕ್ಸ್ ಸೀಲಿನ ಗಾಡಿ. ಹೊಸ ಸೀಲನ್ನು ಕೂರಿಸಿ ಪಕ್ಕಕ್ಕೆ ಫೀಲರ್ ಗೇಜ್ ಹಾಕಿ. 0.15 ಎಂಎಂ ದಾಟಬಾರದು. ದಾಟಿದರೆ ಒಂದು ದಾರಿ ಉಂಟು. ಈ ಎಂಜಿನ್ನಿನ ಸೀಲ್ 2 ಎಂಎಂ ದಪ್ಪ. ಅದಕ್ಕಿಂತ ಹಳೆಯ ಮಾದರಿಗಳಲ್ಲಿ 3 ಎಂಎಂ ಇತ್ತು, ಈಗಲೂ ಸಿಗುತ್ತದೆ. ಗಾಡಿಯನ್ನು 3 ಎಂಎಂಗೆ ಅಗಲಿಸಿ ದಪ್ಪ ಸೀಲ್ ಹಾಕುವವರು ಬಹಳ ಜನ ಇದ್ದಾರೆ. ಈ ಎಂಜಿನ್ನಿನಲ್ಲಿ ಓವರ್‌ಸೈಜಿಗೆ ಹತ್ತಿರದ್ದು ಅಂತ ಇದ್ದರೆ ಇದೊಂದೇ. ಗಾಡಿ ನಟ್ಟನಡುವೆ, ಎರಡೂ ಗೋಡೆ ಸಮಾನಾಂತರ ಬರಬೇಕು. ವೈರ್‌ಕಟ್ ಮೆಷಿನ್ನಿನಲ್ಲಿ (ತಂತಿಯ ವಿದ್ಯುತ್ ಕಿಡಿಯಿಂದ ಕತ್ತರಿಸುವ ಯಂತ್ರ) ಮಾಡಿಸಿದರೆ ಚೊಕ್ಕ. ಆರೂ ಗಾಡಿಯನ್ನು ಒಟ್ಟಿಗೆ ಮಾಡಿಸಿ, ಒಂದೆರಡನ್ನು ಮಾತ್ರ ಅಲ್ಲ.

ಅಪೆಕ್ಸ್ ಸೀಲ್ ಮತ್ತು ಎಲ್ಲ ಸ್ಪ್ರಿಂಗ್ ಹೊಸದೇ ಬೇಕು. ಹೊಸ ಸೀಲಿನ ಎತ್ತರ 8 ಎಂಎಂ, 6.5ಕ್ಕೆ ಇಳಿದರೆ ಆಯುಸ್ಸು ಮುಗಿಯಿತು ಅಂತ ಲೆಕ್ಕ. ಹಳೆಯದು 7.5 ಇದ್ದರೂ ನಾನು ಹಾಕುವುದಿಲ್ಲ. ಅದು ಮುರಿದರೆ ತುಂಡು ಹೊರಗೆ ಹೋಗುವಾಗ ಹೌಸಿಂಗನ್ನೂ ರೋಟರನ್ನೂ ಉತ್ತುಹಾಕಿಕೊಂಡೇ ಹೋಗುತ್ತದೆ. ನಮ್ಮ ಹಿಂದಿನ ಹೌಸಿಂಗ್ ಹೋದದ್ದು ಹಾಗೆಯೇ. ಪ್ಲೇಟ್‌ಗಳಲ್ಲಿ ಉಳಿಸಿದ ದುಡ್ಡನ್ನು ಇಲ್ಲಿ ಹಾಕಿ.

ಸೈಡ್ ಸೀಲ್ ಹಳೆಯದನ್ನು ಬಳಸಬಹುದು, ಕಾರ್ನರ್ ಸೀಲಿಗೂ ಅದಕ್ಕೂ ನಡುವಿನ ಸಂದು 0.40 ದಾಟದಿದ್ದರೆ. ಹೊಸದು ಹಾಕುವುದಾದರೆ ಒಂದೊಂದನ್ನೂ ಅದರ ಜಾಗಕ್ಕೆ ಅರದಲ್ಲಿ ಉಜ್ಜಿ 0.05ರಿಂದ 0.15ಕ್ಕೆ ತರಬೇಕು. ತುದಿಯನ್ನು ಚಪ್ಪಟೆ ಉಜ್ಜಬೇಡಿ. ಕಾರ್ನರ್ ಸೀಲ್ ದುಂಡಗಿದೆ, ತುದಿಯೂ ಅದರ ದುಂಡಿಗೆ ಹೊಂದಬೇಕು. ಹನ್ನೆರಡು ಸೀಲಿಗೆ ನನಗೆ ಎರಡು ಸಂಜೆ ಬೇಕಾಯಿತು. ಎರಡು ಸೀಲ್ ಜಾಸ್ತಿ ತರಿಸಿಟ್ಟುಕೊಳ್ಳಿ, ಮೊದಲೆರಡು ಗ್ಯಾರಂಟಿ ಹಾಳಾಗುತ್ತವೆ.

ಆಯಿಲ್ ಸೀಲಿನ ಉಂಗುರವನ್ನು ಹೆಚ್ಚಿನವರು ಸುಮ್ನೆ ಎಸೆದುಬಿಡುತ್ತಾರೆ. ಅದರ ತುಟಿ ಹೊಳೆಯುವ ಪಟ್ಟಿಯ ಹಾಗೆ ಕಾಣುತ್ತದೆ. ಪಟ್ಟಿಯ ಅಗಲ 0.5 ಎಂಎಂ ಒಳಗಿದ್ದರೆ ಉಂಗುರ ಇನ್ನೂ ಗಟ್ಟಿ ಇದೆ. ಒಳಗಿನ ರಬ್ಬರ್ ಮಾತ್ರ ಬಿಸಿಗೆ ಪ್ಲಾಸ್ಟಿಕ್ಕಿನ ಹಾಗಾಗಿರುತ್ತದೆ, ಅದನ್ನು ಬದಲಿಸಿ. ಎಂಜಿನ್ ನೀಲಿ ಹೊಗೆ ಬಿಡುತ್ತಿದ್ದರೆ ಎಷ್ಟೋ ಸಲ ಕಾರಣ ಈ ಸಣ್ಣ ರಬ್ಬರ್.

ಶಾಫ್ಟ್, ಬೇರಿಂಗ್

ಮೇನ್ ಜರ್ನಲ್ ಸುಮಾರು 43 ಎಂಎಂ, ರೋಟರ್ ಜರ್ನಲ್ 74. ಶಾಫ್ಟ್ ಸವೆಯುವುದು ಕಡಿಮೆ. ಸಣ್ಣ ಗೀರಿದ್ದರೆ ಎಣ್ಣೆಯಲ್ಲಿ ನೆನೆಸಿದ ಸಾವಿರದ ನಂಬರಿನ ಎಮರಿ ಪೇಪರಿನಲ್ಲಿ ಪಾಲಿಶ್ ಸಾಕು. ಬೋಟಿನ ಕ್ರ್ಯಾಂಕಿನ ಹಾಗೆ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಹಾಕುವ ಲೆಕ್ಕ ಇಲ್ಲಿಲ್ಲ. ಬೇರಿಂಗಿನಲ್ಲಿ ತಾಮ್ರದ ಬಣ್ಣ ಕಂಡರೆ, ಅಥವಾ ಸಂದು 0.10 ದಾಟಿದರೆ, ಪ್ರೆಸ್ಸಿನಲ್ಲಿ ಒತ್ತಿ ಹೊಸದು ಹಾಕಿಸಿ. ಶಾಫ್ಟಿನ ಎಣ್ಣೆಯ ಜೆಟ್‌ಗಳಿಗೆ ಗಾಳಿ ಹೊಡೆದು ನೋಡಲು ಮರೆಯಬೇಡಿ.

ಜೋಡಿಸುವುದು

ಮಳೆಗಾಲದಲ್ಲಿ ಬೇಡ. ನವೆಂಬರ್ ಆಮೇಲೆ ಇಟ್ಟುಕೊಳ್ಳಿ.

ನೀರಿನ ರಬ್ಬರ್‌ಗಳೆಲ್ಲ ಹೊಸತು. ಅವು ಗಾಡಿಯಿಂದ ಏಳದಂತೆ, ಸೀಲ್‌ಗಳು ಉದುರದಂತೆ ವ್ಯಾಸಲೀನ್ ಹಚ್ಚಿ ಕೂರಿಸಿ. ಬೋಲ್ಟ್‌ಗಳನ್ನು ಮೂರು ಸುತ್ತಿನಲ್ಲಿ ಬಿಗಿಸುತ್ತಾ ಕೊನೆಗೆ 3.2ರಿಂದ 4.0 ಕೆಜಿ-ಮೀಟರ್‌ಗೆ ತನ್ನಿ. ಟಾರ್ಕ್ ರೆಂಚ್ ಬೇಕೇ ಬೇಕು, ಕೈ ಅಂದಾಜು ನಡೆಯುವುದಿಲ್ಲ.

ಮುಂದಿನ ಪುಲ್ಲಿ ಬೋಲ್ಟ್ ಬಿಗಿಸುವ ತನಕ ಎಂಜಿನ್ನಿನ ಮೂತಿ ಮೇಲಕ್ಕೇ ಇರಲಿ. ಮಲಗಿಸಿದರೆ ಒಳಗಿನ ಥ್ರಸ್ಟ್ ಸೂಜಿ ಬೇರಿಂಗ್ ಜಾರಿ ಸ್ಪೇಸರಿನ ನಡುವೆ ಸಿಕ್ಕಿಕೊಳ್ಳುತ್ತದೆ. ಬೋಲ್ಟ್ ಬಿಗಿಸಿದ ಮೇಲೆ ಫ್ಲೈವೀಲಿಗೆ ಡಯಲ್ ಗೇಜ್ ಹಚ್ಚಿ ಶಾಫ್ಟನ್ನು ಹಿಂದೆ ಮುಂದೆ ತಳ್ಳಿ ನೋಡಿ. 0.04ರಿಂದ 0.07 ಇದ್ದರೆ ಚೆನ್ನ, 0.09 ಕೊನೆ. ಸರಿ ಬಾರದಿದ್ದರೆ ಬೇರೆ ದಪ್ಪದ ಸ್ಪೇಸರ್.

ಈಗ ಕೈಯಲ್ಲೇ ತಿರುಗಿಸಿ. ಪ್ಲಗ್ ತೂತಿನಿಂದ ಚಪ್, ಚಪ್, ಚಪ್ ಅಂತ ಒಂದೇ ಸಮ ಶಬ್ದ ಬರಬೇಕು.

ಮೊದಲ ಸ್ಟಾರ್ಟ್

ಪ್ಲಗ್ ತೆಗೆದು, ಆಯಿಲ್ ಪ್ರೆಷರ್ ಬರುವ ತನಕ ಸ್ಟಾರ್ಟರಿನಲ್ಲಿ ತಿರುಗಿಸಿ. ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಸ್ವಲ್ಪ ಬೆರೆಸಿ, ನಾನು 1:100 ಹಾಕಿದೆ. ಹತ್ತಿದ ಕೂಡಲೇ ಬಿಳಿ ಹೊಗೆ ಅಂಗಳ ತುಂಬುತ್ತದೆ. ಹೆದರಬೇಡಿ, ವ್ಯಾಸಲೀನ್ ಸುಡುವುದು ಅದು. ನಮ್ಮ ಪಕ್ಕದ ಮನೆಯವರು ಸೊಳ್ಳೆಗೆ ಹೊಗೆ ಹಾಕುವವರು ಬಂದರು ಅಂದುಕೊಂಡು ಕಿಟಕಿ ಮುಚ್ಚಿಕೊಂಡರು. ಹತ್ತು ಹದಿನೈದು ನಿಮಿಷದಲ್ಲಿ ನಿಲ್ಲಬೇಕು. ಮೊದಲ ಕೆಲವು ಗಂಟೆ ಜೋರಾಗಿ ರೇಸ್ ಮಾಡಬೇಡಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಮಾರನೇ ದಿನ ಬೆಳಿಗ್ಗೆ, ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ, ಬರೆದಿಡಿ. ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ. ಮೊದಲು ಒಂದೆರಡು ಗುಳ್ಳೆ ಬಂದು ನಿಂತರೆ ಅದು ಒಳಗೆ ಉಳಿದಿದ್ದ ಗಾಳಿ. ಬಿಡದೆ ಬರುತ್ತಲೇ ಇದ್ದರೆ ಎಲ್ಲೋ ರಬ್ಬರ್ ಹಿಡಿದಿಲ್ಲ. ಮತ್ತೆ ಬಿಚ್ಚಬೇಕು, ಮೊಟ್ಟೆಯ ಟ್ರೇ ಎಸೆಯಬೇಡಿ.